ಹಸಿರು ಹೆಲ್ಮೆಟ್ಟಿಗೆ ಕಾವು ಕೊಟ್ಟ ಚೆನ್ನಿ

ಗಾದಿಲಿಂಗನಿಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮುನ್ನೆಚ್ಚರಿಕೆ ಮಾತ್ರ. ವಡ್ಡು ಎಂಬ ಊರಿನ ಹತ್ತಿರದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಅವನು ಸೇಫ್ಟಿ ಆಫೀಸರ್. ಕುದಿಯುವ ಕಬ್ಬಿಣದ ಪಕ್ಕದಲ್ಲಿ ಹಸಿರು ಹೆಲ್ಮೆಟ್ ಹಾಕಿಕೊಂಡು ನಿಂತು, "ಅಪಘಾತ ತಾನಾಗಿ ಆಗೂದಿಲ್ಲ, ನಾವು ಕರದಾಗ ಬರ್ತೈತಿ" ಎಂದು ಭಾಷಣ ಮಾಡುವುದು ಅವನ ನಿತ್ಯದ ಕೆಲಸ. ಹೊಸಪೇಟೆಯ ಮನೆಗೆ ಬಂದರೂ ಆ ಭಾಷಣ ನಿಲ್ಲುತ್ತಿರಲಿಲ್ಲ. ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಮರಳಿನ ಬಕೆಟ್ಟು, ಬಚ್ಚಲಿನ ಬಾಗಿಲಿಗೆ 'ಜಾರುತ್ತದೆ' ಎಂಬ ಬೋರ್ಡು. ಹೆಂಡತಿ ಸಂಘಮಿತ್ರಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗರನ್ನು ಸಹಿಸಿಕೊಂಡ ಅಭ್ಯಾಸ ಮನೆಯಲ್ಲೂ ಉಪಯೋಗಕ್ಕೆ ಬಂದಿತ್ತು.

ಇಂಥ ಗಾದಿಲಿಂಗ ಒಂದು ಭಾನುವಾರ ಕಂಪ್ಲಿಯಲ್ಲಿ, ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು, ಹೊಟ್ಟೆ ತುಂಬ ಕೋಳಿ ಸಾರು ಉಂಡು, ಒಂದು ಪ್ರತಿಜ್ಞೆ ಮಾಡಿದ. ಆಮೇಲೆ ಆದದ್ದಕ್ಕೆಲ್ಲ ಆ ಸಾರೇ ಕಾರಣ ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಅತ್ತೆ ಕರೆಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಳ್ಳಾರಿಯ ಆಸ್ಪತ್ರೆಯವರು ಎಡಗಣ್ಣಿನ ಆಪರೇಷನ್ನಿಗೆ ತಾರೀಖು ಕೊಡುವುದು, ಕರೆಮ್ಮ ಅದನ್ನು ಮುಂದೂಡುವುದು, ಹೀಗೇ ನಡೆದಿತ್ತು.

"ಯವ್ವಾ, ಇನ್ನೂ ತಡ ಮಾಡಿದ್ರ ಕಣ್ಣು ಉಳಿಯೂದಿಲ್ಲ ಅಂದಾರ ಡಾಕ್ಟರು" ಎಂದಳು ಸಂಘಮಿತ್ರಾ.

"ನಾ ಹೋದ್ರ ಚೆನ್ನಿನ್ನ ಯಾರು ನೋಡ್ತಾರ? ಬಳ್ಳಾರ್ಯಾಗ ಜಂಬವ್ವನ ಮನಿಯಾಗ ನನಗ ಮಲಗಾಕ ಜಾಗ ಐತಿ. ಅದಕ್ಕ ಎಲ್ಲೈತಿ?"

ಜಂಬವ್ವ ಕರೆಮ್ಮನ ತಂಗಿ. ಚೆನ್ನಿ ಎಂದರೆ ಅಂಗಳದಲ್ಲಿ ಆಚೆಯಿಂದೀಚೆಗೆ ನಡೆದಾಡುತ್ತಿದ್ದ ಈಮು ಪಕ್ಷಿ. ಕೆಲವು ವರ್ಷಗಳ ಹಿಂದೆ ಊರ ಹೊರಗೆ ಯಾರೋ ಈಮು ಸಾಕಣೆ ಶುರು ಮಾಡಿ, ಕೊಳ್ಳುವವರಿಲ್ಲದೆ ಸೋತು, ಒಂದು ದಿನ ಗೇಟು ತೆಗೆದಿಟ್ಟು ಹೊರಟುಹೋಗಿದ್ದರು. ಹೊರಬಿದ್ದವುಗಳಲ್ಲಿ ಕುಂಟುತ್ತಿದ್ದ ಒಂದು ಮರಿ ಕರೆಮ್ಮನ ಭತ್ತದ ಗದ್ದೆಗೆ ಬಂದಿತ್ತು. ಅವಳು ಅದರ ಕಾಲಿಗೆ ಅರಿಶಿನ ಹಚ್ಚಿ, ಬಟ್ಟೆ ಕಟ್ಟಿ, ಸಾಕಿಕೊಂಡಿದ್ದಳು. ಈಗ ಅದರ ತಲೆ ಬಾಗಿಲ ಮೇಲ್ಪಟ್ಟಿಗೆ ತಾಗುತ್ತಿತ್ತು. ಕರೆಮ್ಮ ಕರೆದರೆ ಬರುತ್ತಿತ್ತು, ಬೈದರೆ ಕತ್ತು ತಗ್ಗಿಸುತ್ತಿತ್ತು. ಉಳಿದವರು ಬೈದರೆ ಸುಮ್ಮನೆ ಹತ್ತಿರ ಬಂದು ನೋಡುತ್ತಿತ್ತು. ಆ ನೋಟಕ್ಕೇ ಬೈದವರು ಹೊರಟುಹೋಗುತ್ತಿದ್ದರು.

"ಅತ್ತಿ, ನಾನದೀನಲ್ಲ" ಎಂದ ಗಾದಿಲಿಂಗ. "ಚೆನ್ನಿನ್ನ ನಮ್ಮನಿಗೆ ಕರ್ಕೊಂಡು ಹೋಗ್ತೀನಿ. ನೀವು ಆರಾಮ ಕಣ್ಣು ಮಾಡಿಸ್ಕೊಂಡು ಬರ್ರಿ. ಮೂರು ಪಾಳಿ, ಸಾವಿರಾರು ಮಂದಿ, ಕುದಿಯೋ ಕಬ್ಬಿಣ. ಅದನ್ನ ಸಂಭಾಳಿಸೋನಿಗೆ ಒಂದು ಹಕ್ಕಿ ದೊಡ್ಡದೇನ್ರಿ?"

"ಅದು ಬರೇ ಹಕ್ಕಿ ಅಲ್ರಿ, ಡೈನೋಸಾರ್" ಎಂದಳು ಸಂಘಮಿತ್ರಾ.

"ಡೈನೋಸಾರ್ ಸತ್ತು ಆರೂವರೆ ಕೋಟಿ ವರ್ಷ ಆತು. ನಿನ್ನ ಪುಸ್ತಕದಾಗ ಐತಿ."

"ಎಲ್ಲಾ ಸಾಯಲಿಲ್ಲ. ಪುಕ್ಕ ಇದ್ದ ಒಂದು ಸಣ್ಣ ಬಳಗ ಉಳೀತು. ಈಗಿರೋ ಕಾಗಿ, ಗುಬ್ಬಿ, ಕೋಳಿ ಎಲ್ಲಾ ಅದೇ ಬಳಗದ ಮಕ್ಕಳು. ಸಂಶಯ ಇದ್ರ ಚೆನ್ನಿ ಕಾಲು ನೋಡ್ರಿ."

ಗಾದಿಲಿಂಗ ನೋಡಿದ. ಮೂರು ಬೆರಳು, ಉಡದ ಮೈಯಂಥ ಪೊರೆಪೊರೆ ಚರ್ಮ, ಕುಡಗೋಲಿನ ತುದಿಯಂಥ ಉಗುರು. ತನ್ನ ಕಾಲನ್ನು ಮೆಲ್ಲಗೆ ಕಟ್ಟೆಯ ಮೇಲಕ್ಕೆ ಎಳೆದುಕೊಂಡ. ಆದರೂ ಸೋಲಲಿಲ್ಲ.

"ಹಂಗಂದ್ರ ನಾ ಈಗ ಉಂಡಿದ್ದು ಏನು, ಡೈನೋ ಸಾರೇನು?"

"ಹೌದ್ರಿ. ಎರಡು ಸಲ ಹಾಕಿಸ್ಕೊಂಡ್ರಿ."

ಕರೆಮ್ಮನಿಗೆ ಈ ವಂಶಾವಳಿ ಬೇಕಿರಲಿಲ್ಲ. "ಏನರ ಇರ್ಲಿ, ಅದಕ್ಕ ಬಾಳೆಹಣ್ಣು ಅಂದ್ರ ಜೀವ" ಎಂದು ಹೇಳಿ, ಮಬ್ಬುಗಣ್ಣಿನಿಂದಲೇ ಅಳಿಯನನ್ನು ನಂಬಿ, ಚೀಲ ಕಟ್ಟತೊಡಗಿದಳು.

ಚೆನ್ನಿ ಗೂಡ್ಸ್ ಆಟೋದಲ್ಲಿ ಹೊಸಪೇಟೆಗೆ ಬಂತು. ಗಾದಿಲಿಂಗ ಹಗ್ಗ ಬಿಗಿದು, ಹಿಂದೆ ಕೆಂಪು ಬಾವುಟ ಕಟ್ಟಿದ್ದ. ದಾರಿಯುದ್ದಕ್ಕೂ ಚೆನ್ನಿ ಮುಂದಕ್ಕೆ ಕತ್ತು ಚಾಚಿ ಡ್ರೈವರನ ಕಿವಿಯನ್ನೇ ನೋಡುತ್ತಿದ್ದುದರಿಂದ ಆ ಡ್ರೈವರ್ ಜೀವಮಾನದಲ್ಲಿ ಮೊದಲ ಸಲ ನಿಧಾನವಾಗಿ ಓಡಿಸಿದ.

ಹಂಪಿ ರಸ್ತೆಯ ಮನೆಗೆ ದೊಡ್ಡ ಕಾಂಪೌಂಡು ಇತ್ತು. ಚೆನ್ನಿ ಇಳಿದದ್ದೇ ತಡ, ಆ ಗೋಡೆಯ ಪಕ್ಕದಲ್ಲೇ ನಡೆಯಲು ಶುರು ಮಾಡಿತು. ಗೇಟಿನಿಂದ ನೀರಿನ ಟ್ಯಾಂಕಿಗೆ, ಟ್ಯಾಂಕಿನಿಂದ ಗೇಟಿಗೆ. ಮರುದಿನವೂ ಹಾಗೇ. ಅದು ನಡೆದರೆ ಗಾದಿಲಿಂಗನಿಗೆ ಕೂರಲು ಆಗುತ್ತಿರಲಿಲ್ಲ. ಅದು ಗೋಡೆ ಹಾರಿದರೆ? ಗೇಟಿನ ಕೊಂಡಿ ನುಂಗಿದರೆ? ಆಗಲೇ ಸ್ಕೂಟರಿನ ಹೊಳೆಯುವ ಒಂದು ತಿರುಪನ್ನು ಕಿತ್ತು ನುಂಗಿಯೂ ಆಗಿತ್ತು. ಹಕ್ಕಿ ಗೋಡೆಯ ಪಕ್ಕ, ಅವನು ಅದರ ಹಿಂದೆ. ಪಕ್ಕದ ಮನೆಯ ವಿರುಪಮ್ಮ ತನ್ನ ಹೇಂಟೆ ಕೋಳಿಗೂ ಅದರ ಮರಿಗಳಿಗೂ ನುಚ್ಚು ಹಾಕುತ್ತಾ, "ಯಾರು ಯಾರ್ನ ವಾಕಿಂಗ್ ಕರ್ಕೊಂಡು ಹೊಂಟೀರ್ರಿ?" ಎಂದು ಗೋಡೆಯ ಮೇಲಿಂದ ಕೇಳಿದಳು.

"ಇದು ಒಂದು ಸಲ ಕುಂತ್ರ ಸಾಕು ನೋಡು" ಎಂದ ಗಾದಿಲಿಂಗ ಹೆಂಡತಿಗೆ, ಏದುಸಿರು ಬಿಡುತ್ತಾ.

ಶುಕ್ರವಾರ ಅದು ಕೂತಿತು.

ಪಾಳಿ ಮುಗಿಸಿ ಬಂದ ಗಾದಿಲಿಂಗ ಹೆಲ್ಮೆಟ್ಟನ್ನು ಜಗಲಿಯ ಮೇಲಿಟ್ಟು ಮುಖ ತೊಳೆಯಲು ಹೋಗಿದ್ದ. ಬಂದು ನೋಡಿದರೆ ಹೆಲ್ಮೆಟ್ಟು ಜಗಲಿಯಲ್ಲಿಲ್ಲ. ಚೆನ್ನಿ ಅದನ್ನು ಕೊಕ್ಕಿನಿಂದ ಉರುಳಿಸಿಕೊಂಡು, ಪೇರಲ ಗಿಡದ ಬುಡದಲ್ಲಿದ್ದ ಮರಳಿನ ಗುಡ್ಡೆಗೆ ಸಾಗಿಸಿ, ಸುತ್ತ ಒಣಗಿದ ಎಲೆ ಹರಡಿ, ಅದರ ಮೇಲೆ ಮಹಾರಾಜನಂತೆ ಕೂತಿತ್ತು. ಗಾದಿಲಿಂಗ ಹತ್ತಿರ ಹೋದ. ಚೆನ್ನಿ ಗಂಟಲಿನೊಳಗಿಂದ 'ಗುರ್ಕ್' ಎಂದಿತು. ಗಾದಿಲಿಂಗ ಹೋದಷ್ಟೇ ಬೇಗ ವಾಪಸು ಬಂದ.

ಶನಿವಾರವೂ ಏಳಲಿಲ್ಲ. ಬಾಳೆಹಣ್ಣು ಇಟ್ಟರೆ ಮೂಸಲಿಲ್ಲ. ನೀರೂ ಮುಟ್ಟಲಿಲ್ಲ. ಅಷ್ಟರಲ್ಲಿ ಕರೆಮ್ಮನ ಆಪರೇಷನ್ ಮುಗಿದಿತ್ತು. ಹೊಲಿಗೆ ಇಲ್ಲ, ನೋವಿಲ್ಲ. ಆದರೆ ಕಣ್ಣು ಉಜ್ಜಬಾರದು, ಅಳಬಾರದು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಕ್ಕಿಗೇನಾದರೂ ಆದರೆ ಅತ್ತೆಯ ಕಣ್ಣೂ ಹೋದಂತೆ. ಗಾದಿಲಿಂಗ ಜಗಲಿಯ ಈ ತುದಿಯಿಂದ ಆ ತುದಿಗೆ ತಿರುಗತೊಡಗಿದ. ಚೆನ್ನಿ ಬಿಟ್ಟ ಕೆಲಸವನ್ನು ಅವನೇ ಮುಂದುವರಿಸಿದ ಹಾಗಿತ್ತು.

ಸಂಘಮಿತ್ರಾ ಫೋನಿನಲ್ಲಿ ಏನೇನೋ ಓದಿ ತಲೆಯೆತ್ತಿದಳು.

"ರೀ, ರೋಗ ಅಲ್ಲ. ಕಾವಿಗೆ ಕುಂತೈತಿ. ಈಮು ಮೊಟ್ಟಿ ಕಡು ಹಸಿರು ಬಣ್ಣದ್ದು. ನಿಮ್ಮ ಹೆಲ್ಮೆಟ್ ನೋಡಿ ಮೊಟ್ಟಿ ಅಂದ್ಕೊಂಡೈತಿ."

"ನನ್ನ ಹೆಲ್ಮೆಟ್ ಅಷ್ಟು ದೊಡ್ಡ ಮೊಟ್ಟಿ ಹೆಂಗಾಗ್ತೈತಿ?"

"ದೊಡ್ಡ ಮೊಟ್ಟಿ ಅಂತ ಹೆಮ್ಮಿ ಇರಬೇಕು. ಇನ್ನೊಂದು ವಿಷಯ. ಈಮುನಾಗ ಕಾವಿಗೆ ಕುಂದ್ರೂದು ಹೆಣ್ಣಲ್ಲ, ಗಂಡು. ನಮ್ಮ ಚೆನ್ನಿ ಚೆನ್ನಿ ಅಲ್ರಿ, ಚೆನ್ನಪ್ಪ."

ಗಾದಿಲಿಂಗ ಪೇರಲ ಗಿಡದ ಕಡೆ ಇನ್ನೊಮ್ಮೆ ಬಗ್ಗಿ ನೋಡಿದ.

"ಹೆಚ್ಚು ಕಡಿಮಿ ಎರಡು ತಿಂಗಳು ಉಣ್ಣೂದಿಲ್ಲ, ಏಳೂದಿಲ್ಲ" ಎಂದು ಅವಳು ಮುಂದುವರಿಸಿದಳು. "ಗೂಡಿನ ಮ್ಯಾಲೆ ಕುಂತಲ್ಲೇ ಕಲ್ಲಾಗಿರೋ ಡೈನೋಸಾರ್ ಸಿಕ್ಕಾವ. ಅವೂ ಅಪ್ಪಂದಿರೇ ಇರಬೇಕು ಅಂತಾರ ಕೆಲವರು. ಅವು ಹೋದ್ರೂ ಅವುಗಳ ಬುದ್ಧಿ ಹೋಗಿಲ್ಲ ನೋಡ್ರಿ."

"ಅವುಗಳ ಬುದ್ಧಿ ಇರ್ಲಿ, ನನ್ನ ಹೆಲ್ಮೆಟ್ಟಿನ ಗತಿ ಏನು? ಸೋಮವಾರ ಸೇಫ್ಟಿ ವೀಕ್ ಶುರು. ಹೊಸ ಸಾಹೇಬ್ರ ಮುಂದ ನಾನೇ ಪ್ರತಿಜ್ಞೆ ಹೇಳಿಸಬೇಕು."

ಅಷ್ಟರಲ್ಲಿ ಫೋನು ಬಂತು. ಬಳ್ಳಾರಿಯಿಂದ ಕರೆಮ್ಮ.

"ಅಳಿಯಂದಿರ, ಚೆನ್ನಿ ಹೆಂಗೈತಿ?"

"ಮಸ್ತ್ ಐತ್ರಿ ಅತ್ತಿ. ಉಂಡು ಓಡಾಡ್ತೈತಿ."

"ಅದರ ದನಿ ಒಂಚೂರು ಕೇಳಸ್ರಿ. ಜೀವಕ್ಕ ಸಮಾಧಾನ ಆಗ್ತೈತಿ."

ಗಾದಿಲಿಂಗ ಮರಳಿನ ಗುಡ್ಡೆಯ ಕಡೆ ನೋಡಿದ. ಅಲ್ಲಿಂದ ಒಂದು ಸದ್ದೂ ಇಲ್ಲ. ಬೇರೆ ದಾರಿ ಕಾಣದೆ ಫೋನನ್ನು ಗದ್ದಕ್ಕೆ ಹಿಡಿದು, ಹೊಟ್ಟೆಯಿಂದ ದನಿ ಎತ್ತಿ, "ಗುರ್ಕ್, ಗುರ್ಕ್" ಎಂದ. ಸಂಘಮಿತ್ರಾ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಆ ಕಡೆಯಿಂದ ಕರೆಮ್ಮ ಗಂಭೀರವಾಗಿ ಹೇಳಿದಳು: "ದನಿ ಬಿದ್ದೈತಲ್ರಿ. ಥಂಡಿ ಆಗೈತಿ. ಮೆಣಸಿನ ಕಷಾಯ ಕುಡಿಸ್ರಿ."

ಸೋಮವಾರ ಬೆಳಿಗ್ಗೆ ಗಾದಿಲಿಂಗ ಬರೀ ತಲೆಯಲ್ಲಿ ಕಾರ್ಖಾನೆಯ ಗೇಟಿಗೆ ಬಂದ. ಕಾವಲುಗಾರ ಎರ್ರೆಪ್ಪ ಅಡ್ಡ ನಿಂತ.

"ಸಾರ್, ಹೆಲ್ಮೆಟ್?"

"ಒಳಗ ಹೋಗಿ ಹೊಸದು ತಗೊಂತೀನಿ."

"ಹೊಸದು ಬೇಕಂದ್ರ ಹಳೇದು ಕೊಡಬೇಕಂತ ನೀವೇ ರೂಲ್ಸ್ ಮಾಡೀರಿ ಸಾರ್. ಹಳೇದು ಎಲ್ಲೈತಿ?"

"ಮನಿಯಾಗ. ಅದರ ಮ್ಯಾಲೆ ಚೆನ್ನಿ ಕುಂತಾಳ."

"ಚೆನ್ನಿ ಅಂದ್ರ?"

"ನಮ್ಮ ಅತ್ತಿಯವರ ಪೈಕಿ."

ಎರ್ರೆಪ್ಪ ದನಿ ತಗ್ಗಿಸಿದ. "ಏಳ್ರಿ ಅಂತ ಕೇಳ್ಕೋಬೇಕಿತ್ತು ಸಾರ್."

"ಹತ್ರ ಹೋದ್ರ ಒದಿಯಾಕ ಬರ್ತಾಳ."

"ಊಟಕ್ಕರ ಏಳ್ತಾರಲ್ಲ?"

"ಊಟ ಬಿಟ್ಟು ಮೂರು ದಿನ ಆತು ಮಾರಾಯ."

ಎರ್ರೆಪ್ಪನ ಮುಖದಲ್ಲಿ ಅಪಾರ ಅನುಕಂಪ ಕಾಣಿಸಿಕೊಂಡಿತು. "ಮನಿತನ ಅಂದ್ಮ್ಯಾಲೆ ಬರ್ತಾವ ಸಾರ್ ಇಂಥವು" ಎಂದು ಹೇಳಿ, ಹೊರಗಿನಿಂದ ಬಂದವರಿಗೆಂದು ಇಟ್ಟಿದ್ದ ಬಿಳಿ ಹೆಲ್ಮೆಟ್ಟೊಂದನ್ನು ಅವನ ತಲೆಗೆ ತೊಡಿಸಿದ. ಅದರ ಮೇಲೆ ದಪ್ಪಕ್ಷರದಲ್ಲಿ 'ವಿಸಿಟರ್' ಎಂದಿತ್ತು. ಸೇಫ್ಟಿ ಆಫೀಸರರ ಅತ್ತೆ ಕಡೆಯ ಹೆಣ್ಣುಮಗಳೊಬ್ಬಳು ಅವರ ಮನೆಯಲ್ಲಿ ಉಪವಾಸ ಕೂತಿದ್ದಾಳೆ ಎಂಬ ಸುದ್ದಿ ಗಾದಿಲಿಂಗನಿಗಿಂತ ಮೊದಲೇ ಕುಲುಮೆಯವರೆಗೆ ತಲುಪಿತು.

ಪ್ರತಿಜ್ಞೆ ನಡೆಯಿತು. ಕೈ ಮುಂದೆ ಚಾಚಿ, "ನಾನು ನನ್ನ ರಕ್ಷಣಾ ಸಾಧನಗಳನ್ನು ಎಂದಿಗೂ ಕೈಬಿಡುವುದಿಲ್ಲ" ಎಂದು ಗಾದಿಲಿಂಗ ಹೇಳಿದ. ಮೈದಾನದಲ್ಲಿದ್ದ ಮಂದಿಯೆಲ್ಲ ಹಾಗೇ ಹೇಳಿದರು, ಕೆಲವರು ಕೆಮ್ಮಿದರು. ಮುಗಿದ ಮೇಲೆ ಹೊಸ ಸಾಹೇಬರು ಬಂದು ಅವನ ಕೈ ಕುಲುಕಿದರು.

"ಭಾಳ ಚೆನ್ನಾಗಿ ಹೇಳಿಸಿದ್ರಿ. ಯಾವ ಊರಿಂದ ಬಂದಿದ್ದೀರಿ?"

ಗಾದಿಲಿಂಗ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಆವತ್ತು ಅವನನ್ನು ತಡೆಯುವವರು ಯಾರೂ ಇರಲಿಲ್ಲ. ಕಬ್ಬಿಣದ ಮೂತಿಯ ಬೂಟು, ಮೊಣಕೈವರೆಗಿನ ಚರ್ಮದ ಗ್ಲೌಸು, ಮುಖಕ್ಕೆ ವೆಲ್ಡಿಂಗಿನವರ ಕಪ್ಪು ಗಾಜಿನ ಮುಖವಾಡ, ಸೊಂಟಕ್ಕೆ ಎತ್ತರದಲ್ಲಿ ಕೆಲಸ ಮಾಡುವವರ ಬೆಲ್ಟು. ಆಗತಾನೇ ಶಾಲೆಯಿಂದ ಬಂದ ಸಂಘಮಿತ್ರಾ ಬಾಗಿಲಲ್ಲೇ ನಿಂತಳು.

"ಚಂದ್ರಲೋಕಕ್ಕ ಹೊಂಟೀರೇನ್ರಿ?"

"ಹೆಲ್ಮೆಟ್ ತರಾಕ ಹೊಂಟೀನಿ. ಒಂದು ಉಪಾಯ ಮಾಡೀನಿ, ನೋಡ್ತಿರು."

ಉಪಾಯವೆಂದರೆ ಕಲ್ಲಂಗಡಿ. ಕಡು ಹಸಿರಿನ ಒಂದು ಸಣ್ಣ ಕಲ್ಲಂಗಡಿಯನ್ನು ಚೆನ್ನಿಯ ಮುಂದಿಟ್ಟರೆ ಅದು ಹೆಲ್ಮೆಟ್ಟು ಬಿಟ್ಟು ಇದಕ್ಕೆ ಬರುತ್ತದೆ, ಆ ಸಂದಿಯಲ್ಲಿ ಹೆಲ್ಮೆಟ್ಟು ಎಳೆದುಕೊಂಡರಾಯಿತು. ಅವನು ಹಣ್ಣನ್ನು ಮೆಲ್ಲಗೆ ಉರುಳಿಸಿದ. ಚೆನ್ನಿ ಕತ್ತು ಬಗ್ಗಿಸಿ ನೋಡಿತು. ಬಹಳ ಪ್ರೀತಿಯಿಂದ ಕೊಕ್ಕಿನಲ್ಲಿ ಎಳೆದು, ತುಸುವೇ ಮೇಲೆದ್ದು, ಅದನ್ನೂ ಹೊಟ್ಟೆಯ ಕೆಳಗೆ ಸೇರಿಸಿಕೊಂಡು ಕೂತಿತು.

"ಅವಳಿಜವಳಿ" ಎಂದಳು ಸಂಘಮಿತ್ರಾ.

ಗಾದಿಲಿಂಗ ಹಲ್ಲು ಕಚ್ಚಿ ಕೈ ಚಾಚಿದ. ಕಪ್ಪು ಗಾಜಿನಲ್ಲಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಕೈಗೆ ಮೆತ್ತಗಿನದೇನೋ ತಾಗಿತು. ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಚೆನ್ನಿಯ ಒಂದು ಕಾಲು ಬೀಸಿ ಬಂತು, ಗ್ಲೌಸು ವಿರುಪಮ್ಮನ ಮನೆಯ ತಗಡಿನ ಮೇಲೆ ಬಿತ್ತು, ಗಾದಿಲಿಂಗ ಟ್ಯಾಂಕಿನ ಮೇಲಿದ್ದ. ತಾನು ಅಲ್ಲಿಗೆ ಹತ್ತಿದ್ದು ಹೇಗೆಂದು ಅವನಿಗೇ ನೆನಪಿಲ್ಲ. ಕೆಳಗೆ ಚೆನ್ನಿ ಮತ್ತೆ ತನ್ನ ಮಕ್ಕಳ ಮೇಲೆ ಕೂತಿತ್ತು.

ತಗಡಿನ ಸದ್ದಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ಒಂದು ನಿಂತಿತು. ಹಂಪಿಗೆ ಪ್ರವಾಸಿಗಳನ್ನು ಒಯ್ಯುವ ಹಂಪೇಶ್ ಇಳಿದು, ಗೇಟಿನೊಳಗೆ ಇಣುಕಿ, ಮೊದಲು ಹಕ್ಕಿಯನ್ನೂ ಆಮೇಲೆ ಟ್ಯಾಂಕನ್ನೂ ನೋಡಿದ.

"ಯಣ್ಣಾ, ಇದೇನಿದು?"

"ಡೈನೋಸಾರ್ ಪೈಕಿ" ಎಂದು ಸಂಘಮಿತ್ರಾಳೇ ಉತ್ತರ ಕೊಟ್ಟಳು.

ಹಂಪೇಶನಿಗೆ ಅಷ್ಟು ಸಾಕಾಯಿತು. ತನ್ನ ಆಟೋದಲ್ಲಿದ್ದವರನ್ನು ಇಳಿಸಿದ. ಹಿಂದೆ ಬಂದ ಆಟೋದವರೂ ಇಳಿದರು. ಆನೆಲಾಯ, ಕಲ್ಲಿನ ರಥ ಆಮೇಲೆ ನೋಡಿದರಾಯಿತು, ಅವು ಎಲ್ಲಿಗೂ ಹೋಗುವುದಿಲ್ಲ ಎಂದು ಅವನು ಅವರಿಗೆ ತಿಳಿಸಿ ಹೇಳುತ್ತಿದ್ದ. ಗೇಟಿನ ಮೇಲೆ ಮೊಬೈಲು ಹಿಡಿದ ಕೈಗಳು ಸಾಲುಗಟ್ಟಿದವು.

"ಡೈನೋಸಾರ್ ಅಲ್ರಿ ಅದು" ಎಂದು ಗಾದಿಲಿಂಗ ಟ್ಯಾಂಕಿನ ಮೇಲಿಂದ ಕೂಗಿದ. "ಡೈನೋಸಾರ್ ಎಲ್ಲಾ ಸತ್ತಾವ."

"ಹಂಗಾರ ಇಳಿದು ಬಾ ಯಣ್ಣಾ" ಎಂದ ಹಂಪೇಶ್.

ಗಾದಿಲಿಂಗ ಇಳಿಯಲಿಲ್ಲ.

ಆಗ ಆಕಾಶದಲ್ಲಿ ಒಂದು ಹದ್ದು ಕೆಳಕ್ಕೆ ಎರಗಿ ಬಂತು. ವಿರುಪಮ್ಮನ ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಮರಿಗಳು ಚೀ ಚೀ ಎನ್ನುತ್ತಾ ಗೋಡೆಯ ಬುಡದ ನೀರಿನ ಕಿಂಡಿಯಿಂದ ಈ ಕಡೆಗೆ ನುಗ್ಗಿದವು. ಮುಂದೆ ಕಂಡದ್ದು ಪುಕ್ಕದ ಒಂದು ದೊಡ್ಡ ಗುಡ್ಡೆ. ಒಂದಾದ ಮೇಲೊಂದು ಅದರೊಳಗೆ ಹೊಕ್ಕವು. ಹದ್ದು ಬರಿಗಾಲಲ್ಲಿ ತಿರುಗಿ ಹೋಯಿತು.

ಚೆನ್ನಿ ನಿಶ್ಚಲವಾಯಿತು. ಅದರ ಹೊಟ್ಟೆಯ ಕೆಳಗೆ ಚಿಲಿಪಿಲಿ. ಕತ್ತನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿಸಿ ಕೇಳಿತು. ಆಮೇಲೆ ಬಹಳ ಜೋಪಾನವಾಗಿ ಎದ್ದು ನಿಂತು, ಕೆಳಗೆ ನೋಡಿತು. ಹಳದಿ ಮರಿಗಳು ಅದರ ಕಾಲ ಸುತ್ತ ಓಡಾಡುತ್ತಿದ್ದವು. ಚೆನ್ನಿ ಗಂಟಲಿನಲ್ಲಿ ಮೆಲ್ಲಗೆ ಏನೋ ಗೊಣಗಿ ಒಂದು ಹೆಜ್ಜೆ ಇಟ್ಟಿತು. ಮರಿಗಳು ಹಿಂಬಾಲಿಸಿದವು. ಇನ್ನೊಂದು ಹೆಜ್ಜೆ. ನೀರಿನ ತೊಟ್ಟಿಯ ಹತ್ತಿರ ಹೋಗಿ, ಇಷ್ಟು ದಿನದ ಬಾಯಾರಿಕೆಯನ್ನೆಲ್ಲ ತೀರಿಸಿಕೊಳ್ಳುವಂತೆ ಕುಡಿಯಿತು.

ಮರಳಿನ ಮೇಲೆ ಹೆಲ್ಮೆಟ್ಟೂ ಕಲ್ಲಂಗಡಿಯೂ ಅನಾಥವಾಗಿ ಬಿದ್ದಿದ್ದವು. ಗಾದಿಲಿಂಗ ಟ್ಯಾಂಕಿನಿಂದ ಜಾರಿ ಇಳಿದು, ಮುಖವಾಡ ಕಳಚಿ, ಹೆಲ್ಮೆಟ್ಟನ್ನೆತ್ತಿ, ಎಲೆ ಕೊಡವಿ, ತಲೆಗೆ ಹಾಕಿಕೊಂಡ. ಇನ್ನೂ ಬೆಚ್ಚಗಿತ್ತು. ಗೇಟಿನ ಕಡೆ ತಿರುಗಿ ಎದೆಯುಬ್ಬಿಸಿದ.

"ನೋಡಿದ್ರಲ್ಲ? ತಾಳ್ಮಿ ಇದ್ರ ಎಂಥಾ ಪ್ರಾಣೀನ್ನೂ..."

ಮಾತು ಮುಗಿಯಲಿಲ್ಲ. ಮಕ್ಕಳನ್ನು ಕಳೆದುಕೊಂಡ ವಿರುಪಮ್ಮನ ಹೇಂಟೆ ಗೋಡೆ ಹಾರಿ ಬಂದಿತ್ತು. ದೊಡ್ಡ ಹಕ್ಕಿಯನ್ನು ಒಮ್ಮೆ ಅಳೆದು ನೋಡಿ, ಬೇಡವೆಂದು ತೀರ್ಮಾನಿಸಿ, ಸಿಟ್ಟನ್ನೆಲ್ಲ ಗಾದಿಲಿಂಗನ ಮೇಲೆ ತಿರುಗಿಸಿತು. ಪುಕ್ಕ ಕೆದರಿಕೊಂಡು ನೇರ ಹೆಲ್ಮೆಟ್ಟಿನ ಮೇಲೆ ಎರಗಿ, ಟಕಟಕನೆ ಕುಕ್ಕತೊಡಗಿತು. ಹೆಲ್ಮೆಟ್ಟು ತಲೆಯನ್ನು ಕಾಪಾಡಿತು. ಕಿವಿಗಳಿಗೆ ಅಂಥ ಏರ್ಪಾಡು ಇರಲಿಲ್ಲ. ಗಾದಿಲಿಂಗ ಅಂಗಳ ಸುತ್ತಿ, ಪೇರಲ ಗಿಡ ಸುತ್ತಿ, ಮತ್ತೆ ಟ್ಯಾಂಕು ಹತ್ತಿದ.

"ಅದೂ ಅದೇ ವಂಶಾನ್ರಿ, ಸಣ್ಣ ಸೈಜು" ಎಂದಳು ಸಂಘಮಿತ್ರಾ.

ಇದೇ ಹೊತ್ತಿಗೆ ಗೇಟಿನ ಮಂದಿಯನ್ನು ಸರಿಸಿಕೊಂಡು, ಕಪ್ಪು ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ಒಳಗೆ ಬಂದಳು. ಕರೆಮ್ಮ. ಚೆನ್ನಿಯ ದನಿ ಬಿದ್ದದ್ದು ಮನಸ್ಸಿಗೆ ಕೊರೆದು, ತಂಗಿ ಬೇಡವೆಂದರೂ ಕೇಳದೆ ಬಳ್ಳಾರಿಯಿಂದ ಬಸ್ಸು ಹತ್ತಿದ್ದಳು. ಅವಳು ಚೆನ್ನಿಯನ್ನು ನೋಡಿದಳು, ಅದರ ಹಿಂದಿನ ಮರಿಗಳನ್ನು ನೋಡಿದಳು, ಆಮೇಲೆ ತಲೆಯೆತ್ತಿ ಟ್ಯಾಂಕಿನ ಮೇಲಿದ್ದ ಅಳಿಯನನ್ನೂ, ಕೆಳಗೆ ಕಾವಲು ನಿಂತ ಹೇಂಟೆಯನ್ನೂ ನೋಡಿದಳು. ಅವಳ ಭುಜಗಳು ಕುಲುಕತೊಡಗಿದವು. ಕನ್ನಡಕದ ಅಂಚಿನಿಂದ ನೀರು ಇಳಿಯಿತು.

"ಅತ್ತಿ, ಅಳಬ್ಯಾಡ್ರಿ, ಕಣ್ಣಿಗೆ ಕೆಟ್ಟದ್ದು" ಎಂದು ಗಾದಿಲಿಂಗ ಮೇಲಿಂದ ಗಾಬರಿಯಾಗಿ ಕೂಗಿದ. "ನಿಮ್ಮ ಚೆನ್ನಿಗೆ ಏನೂ ಆಗಿಲ್ರಿ."

"ನಾ ಎಲ್ಲಿ ಅಳಾಕ ಹತ್ತೀನಿ" ಎಂದಳು ಕರೆಮ್ಮ, ನಗು ತಡೆಯಲಾರದೆ ಜಗಲಿಯ ಮೇಲೆ ಕೂತು.

ವಿರುಪಮ್ಮ ಬಂದು ಹೇಂಟೆಯನ್ನು ಹಿಡಿದುಕೊಂಡ ಮೇಲೆ ಗಾದಿಲಿಂಗ ಇಳಿದ. ಚಹಾ ಆಯಿತು. ಚೆನ್ನಿ ಗಂಡೆಂದು ಮಗಳು ತಿಳಿಸಿದಾಗ ಕರೆಮ್ಮ ಲೋಟ ಕೆಳಗಿಟ್ಟಳು.

"ಗಂಡೇನು? ಅದರ ಜವಾಬ್ದಾರಿ ನೋಡಿ ನಾ ಹೆಣ್ಣಂತ ತಿಳ್ಕೊಂಡಿದ್ದೆ."

ಚೆನ್ನಿ ಮರಿಗಳನ್ನು ಬಿಟ್ಟು ಬರಲು ಒಪ್ಪಲಿಲ್ಲ, ಹೇಂಟೆಯೂ ಬಿಟ್ಟುಕೊಡಲು ಒಪ್ಪಲಿಲ್ಲ. ಕೊನೆಗೆ ವಿರುಪಮ್ಮನೇ, ಮರಿ ದೊಡ್ಡವಾಗುವ ತನಕ ಎಲ್ಲವನ್ನೂ ಕಂಪ್ಲಿಗೆ ಒಯ್ಯಿರಿ ಎಂದಳು. ಮರುದಿನ ಗೂಡ್ಸ್ ಆಟೋ ತುಂಬಿತು. ಒಂದು ಕಡೆ ಚೆನ್ನಿ, ಇನ್ನೊಂದು ಕಡೆ ಬುಟ್ಟಿಯೊಳಗೆ ಹೇಂಟೆ, ನಡುವೆ ಮರಿಗಳು. ಗಾದಿಲಿಂಗ ಗೇಟಿನಾಚೆ, ಸಾಕಷ್ಟು ದೂರದಲ್ಲಿ ಕೈಕಟ್ಟಿ ನಿಂತಿದ್ದ. ಕಿವಿಗೆ ಔಷಧದ ಪಟ್ಟಿ ಇತ್ತು. ಎಷ್ಟೆಂದರೂ ಮನಸ್ಸು ತಡೆಯದೆ ಕೇಳಿದ.

"ಅತ್ತಿ, ಬಲಗಣ್ಣಿನ ಆಪರೇಷನ್ ಯಾವಾಗ?"

"ಮುಂದಿನ ತಿಂಗಳು ಬಾ ಅಂದಾರ್ರಿ."

ಗಾದಿಲಿಂಗ ಇನ್ನೊಂದು ಹೆಜ್ಜೆ ಹಿಂದೆ ಸರಿದ. "ಆವಾಗ ಚೆನ್ನಿ..."

ಕರೆಮ್ಮ ಡ್ರೈವರನ ಪಕ್ಕದಲ್ಲಿ ಕೂತು, ಅಳಿಯನನ್ನು ಒಂದು ಕ್ಷಣ ಕರುಣೆಯಿಂದ ನೋಡಿದಳು.

"ಚಿಂತಿ ಮಾಡಬ್ಯಾಡ್ರಿ. ಈ ಸಲ ನೀವೇ ಕಂಪ್ಲಿಗೆ ಬಂದು ಇದ್ದುಬಿಡ್ರಿ. ಚೆನ್ನಿ ನಿಮ್ಮನ್ನ ಚಲೋತ್ನಾಗಿ ನೋಡ್ಕೊಂತೈತಿ."